ಹಿತ್ತಾಳೆ ಬಟ್ಟಲ ಪಕ್ಕದ ಕೆಂಪು ನೆರಿಗೆ

ಬಟ್ಟಲು ಇದ್ದಲ್ಲೇ ಇತ್ತು. ಮಣಿಗಳು ಇರಲಿಲ್ಲ.

ಪೊಕುವಾ ಅಜ್ಜಿ ಆ ಹಿತ್ತಾಳೆ ಬಟ್ಟಲನ್ನು ಎತ್ತಿ, ತಲೆಕೆಳಗು ಮಾಡಿ ಅಲ್ಲಾಡಿಸಿದಳು. ಒಂದು ದಾರದ ಎಳೆ ತೇಲುತ್ತಾ ಕೆಳಗಿಳಿಯಿತು. ಅಷ್ಟೇ.

“ಈಗಿನ್ನೂ ಇಟ್ಟಿದ್ದೀವಲ್ಲೇ ಕೊನಾಡು! ಕತ್ತಿಂದ ಬಿಚ್ಚಿದವಳು ನೀನು, ಬಟ್ಟಲು ಹಿಡಿದವಳು ನಾನು. ಪ್ರಾರ್ಥನೆಗೆ ಅಂತ ಹೊರಗೆ ಹೋಗಿ ಹತ್ತು ನಿಮಿಷ ಆಗಿಲ್ಲ!”

“ಸ್ಟೂಲಿನ ಕೆಳಗೆ ನೋಡಿದ್ರಾ ಅಜ್ಜಿ?”

“ನೋಡಿದೆ. ಮಂಚದ ಕೆಳಗೂ ನೋಡಿದೆ.”

ಶನಿವಾರ, ಬೆಳಗಿನ ಏಳು ಗಂಟೆ. ಕುಮಾಸಿ ನಗರದ ಹಳೆಯ ಬೀದಿಯ ಆ ವಠಾರದ ಹಜಾರದಲ್ಲಿ ಅಬ್ರೆಫಿ ಬಿಳಿ ಕಸೂತಿಯ ನಡುವೆ, ಹಿತ್ತಾಳೆ ಮಂಚದ ಮೇಲೆ ಮಲಗಿದ್ದಳು. ಇಪ್ಪತ್ತಾರು ವರ್ಷ ಆ ಮನೆತನದ ಹಿರಿಯ ಹೆಂಗಸಾಗಿ ಕೂತು, ಈಗ ಮಣ್ಣಿಗೆ ಹೊರಟವಳು. ಅವಳ ಕೊರಳಲ್ಲಿದ್ದ ದಪ್ಪ ಹಳದಿ ಮಣಿಗಳನ್ನು ಪೆಟ್ಟಿಗೆ ಬರುವ ಮುನ್ನ ತೆಗೆದಿಡಬೇಕು. ಅವು ಸತ್ತವಳವಲ್ಲ, ಮನೆಯವು. ಭಾನುವಾರ ಚರ್ಚಿನಿಂದ ಬಂದ ಮೇಲೆ ಹಿರಿಯರು ಅವನ್ನು ಕೊನಾಡುವಿನ ಕೊರಳಿಗೆ ಹಾಕಿ, ಇನ್ನು ಮುಂದೆ ಈ ಮನೆಯ ಹಿರಿಯಳು ಇವಳೇ ಎಂದು ಹೇಳುವವರಿದ್ದರು. ಕೊನಾಡು ಅಬ್ರೆಫಿಯ ತಂಗಿಯ ಮಗಳು. ದೊಡ್ಡಮ್ಮನನ್ನು ಒಂಬತ್ತು ವರ್ಷ ಎತ್ತಿ ಕೂರಿಸಿ, ಮೀಯಿಸಿ, ಉಣಿಸಿದವಳು.

ನಾನು ಮತ್ತು ಟಿವಾ ಆಂಟಿ ಅಲ್ಲಿ ಇದ್ದದ್ದು ಅಬ್ರೆಫಿಯ ಆಳೆತ್ತರದ ಫೋಟೋ ಕಟ್ಟಲು. ಆಂಟಿಯದು ಫೋಟೋ ಅಚ್ಚುಹಾಕುವ ಅಂಗಡಿ. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಪೊಲೀಸರ ಫೋಟೋ ವಿಭಾಗದಲ್ಲಿ ಇದ್ದವಳು. ನಾನು ಅಫ್ರಿಯೆ, ಅವಳ ಅಂಗಡಿಯಲ್ಲಿ ಬಣ್ಣ ತಿದ್ದುವವಳು.

ಹೊರಗೆ ಪ್ರಾರ್ಥನೆ ಮುಗಿಸಿಕೊಂಡು ಅಡೊಮಾಕೊ ಮಾವ ಒಳಗೆ ಬಂದ. ಸತ್ತವಳ ತಮ್ಮ, ಮನೆತನದ ಯಜಮಾನ. ಬಾಗಿಲ ಬಳಿ ಒರಗಿಸಿಟ್ಟು ಹೋಗಿದ್ದ ತನ್ನ ಕರಿಕೊಡೆಯನ್ನು ಎತ್ತಿಕೊಂಡು ನೆಲಕ್ಕೆ ಕುಟ್ಟಿದ. ಬಿಸಿಲಿರಲಿ, ಮೋಡವಿರಲಿ, ಆ ಕೊಡೆ ಬಿಡದ ಮನುಷ್ಯ.

“ಯಾರೂ ಬಾಯಿ ಬಿಡಬೇಡಿ. ಮೊದಲು ಅಕ್ಕನ್ನ ಮಣ್ಣು ಮಾಡೋಣ. ಆಮೇಲೆ ನೋಡ್ತೀನಿ.”

*

ಮಧ್ಯಾಹ್ನ ಶಾಮಿಯಾನದ ಕೆಳಗೆ ಎಲ್ಲರೂ ಕೂತರು. ಮನೆತನದವರಿಗೆ ಕೆಂಪು, ಮಿಕ್ಕವರಿಗೆಲ್ಲ ಕಪ್ಪು. ಹಾಗೆಂದು ಮಾವನೇ ತಿಂಗಳ ಹಿಂದೆ ಗೊತ್ತುಮಾಡಿದ್ದ. ಮನೆತನವೆಂದರೆ ತಾಯಿಯ ಕಡೆಯವರು. ಹಾಗಾಗಿ ಮಾವ ಕೆಂಪು ಹೊದ್ದಿದ್ದ. ಅವನ ಸ್ವಂತ ಮಗ ಅಂತ್ವಿ ಕಪ್ಪು. ಅಂತ್ವಿ ತನ್ನ ತಾಯಿಯ ಮನೆತನದವನು. ಈ ವಠಾರದಲ್ಲೇ ಬೆಳೆದರೂ ಇಲ್ಲಿಯವನಲ್ಲ.

“ಏನೋ ಅಂತ್ವಿ, ಕೆರೇಲಿ ಮುಳುಗಿ ಎದ್ದವನ ಹಾಗಿದೀಯ?” ಪೊಕುವಾ ಅಜ್ಜಿ ಕೇಳಿದಳು.

“ಬಟ್ಟೆ ಅಜ್ಜಿ, ಬಟ್ಟೆ. ಟಕೊರಾಡಿಯಲ್ಲಿ ಬಸ್ಸು ಹತ್ತೋ ಮುಂಚೆ ಅವಸರದಲ್ಲಿ ಕೊಂಡೆ.”

“ಬಟ್ಟೆ ಅಲ್ಲಪ್ಪ ಅದು, ಟಾರ್ಪಾಲು! ನಿನ್ನ ಬೆವರು ನಿನಗೇ ವಾಪಸ್ ಕೊಡುತ್ತೆ.”

ಎಲ್ಲರೂ ನಕ್ಕರು. ಅಂತ್ವಿಯೂ ನಕ್ಕ, ಅಂಚಿನಿಂದ ಕುತ್ತಿಗೆ ಒರೆಸಿಕೊಂಡ.

ಆಗಲೇ ಫೋಟೋ ತೆಗೆಯುವ ಬೆದ್ಯಾಕೊ ಮಾವನ ಕಿವಿಯಲ್ಲಿ ಏನೋ ಹೇಳಿದ್ದು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆ ಕೈಯಿಂದ ಕೈಗೆ ಹೋಯಿತು. ಪರದೆ ಹೋದಲ್ಲೆಲ್ಲ ಮಾತು ನಿಂತಿತು. ಮಾವ ಎದ್ದು ಬಂದು, ಕೆಂಪು ಹೊದ್ದವರ ಸಾಲಿನ ಮೊದಲ ಕುರ್ಚಿಯ ಎದುರು ನಿಂತ.

“ಏಳು ಕೊನಾಡು.”

“ಯಾಕೆ ಮಾವ?”

“ಏಳು ಅಂದೆ.”

ಅವಳು ಎದ್ದಳು. ಮಾವ ಆ ಕುರ್ಚಿಯನ್ನು ಎತ್ತಿಸಿ ಶಾಮಿಯಾನದ ಆಚೆ, ಬಿಸಿಲಿಗೆ ಹಾಕಿಸಿದ. ಇನ್ನೂರು ಜನ ನೋಡಿದರು. ಕೊನಾಡು ಕುರ್ಚಿಯ ಹಿಂದೆ ಹೋಗಲಿಲ್ಲ, ಮನೆಯೊಳಗೂ ಹೋಗಲಿಲ್ಲ. ಸಂಜೆಯವರೆಗೆ ಇದ್ದಲ್ಲೇ ನಿಂತಿದ್ದಳು.

*

ಸಂಜೆ ಮಾವ, ಬೆದ್ಯಾಕೊ ಇಬ್ಬರೂ ನಮ್ಮ ಅಂಗಡಿಗೆ ಬಂದರು.

“ಇದೊಂದನ್ನ ದೊಡ್ಡದಾಗಿ ಹಾಕಿಕೊಡಮ್ಮ. ನಾಳೆ ಹತ್ತು ಗಂಟೆಗೆ ಹಿರಿಯರ ಮುಂದೆ ಇಡಬೇಕು. ಕೊನಾಡು ನಾಳೆಯೇ ವಠಾರದ ತನ್ನ ಕೋಣೆ ಬಿಡಬೇಕು.”

ಆಂಟಿ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದಳು. ಹಿತ್ತಾಳೆ ಮಂಚ, ಎರಡು ದೀಪ, ಅರ್ಧ ಎಳೆದ ಪರದೆ. ಕಿಟಕಿಯಾಚೆ ಬೇವಿನ ಮರ, ಮಸುಕು ಎಲೆಗಳು. ಬಾಗಿಲ ಪಕ್ಕ ಒರಗಿಸಿದ ಕೆಂಗಂದು ಕೊಡೆ. ಸ್ಟೂಲಿನ ಮೇಲೆ ಬಟ್ಟಲು. ಬಟ್ಟಲ ಪಕ್ಕ, ಪರದೆಯ ಅಂಚಿನಿಂದ ಇಣುಕುವ ಬಟ್ಟೆಯ ಒಂದು ನೆರಿಗೆ. ಮುಖವಿಲ್ಲ, ಕೈಯಿಲ್ಲ. ನೆರಿಗೆ ಮಾತ್ರ — ಕೆಂಪು, ದ್ರಾಕ್ಷಾರಸದ ಕೆಂಪು.

“ಇದು ಯಾವಾಗ ತೆಗೆದದ್ದು?” ಆಂಟಿ ಕೇಳಿದಳು.

“ಪ್ರಾರ್ಥನೆ ನಡೀತಿದ್ದಾಗ,” ಎಂದ ಬೆದ್ಯಾಕೊ. “ಹಜಾರ ಖಾಲಿ ಅಂದ್ಕೊಂಡು ಬಾಗಿಲಿಂದ ಒಂದು ಹೊಡೆದೆ. ನೆರಿಗೆ ಆಮೇಲೆ ಕಣ್ಣಿಗೆ ಬಿತ್ತು.”

“ಕೊನಾಡುನೇ ಅಂತ ಹೇಗೆ?”

“ಕೆಂಪು ಹೊದ್ದವರು ಹದಿನಾಲ್ಕು ಜನ,” ಮಾವ ಕೊಡೆ ಕುಟ್ಟಿದ. “ಆ ಹೊತ್ತಲ್ಲಿ ಹದಿಮೂರು ಜನ ಅಂಗಳದ ಫೋಟೋದಲ್ಲಿದ್ದಾರೆ. ನಾನೂ ಇದ್ದೀನಿ. ಇಲ್ಲದವಳು ಅವಳೊಬ್ಬಳೇ. ಎಲ್ಲಿದ್ದೆ ಅಂದ್ರೆ ಅಡುಗೆಮನೆ ಹಿಂದೆ ನೀರು ಕುಡೀತಿದ್ದೆ ಅಂತಾಳೆ. ನೋಡಿದವರು ಯಾರು? ಯಾರೂ ಇಲ್ಲ!”

“ನಾಳೆ ಹೇಗೂ ಅವಳ ಕೈಗೇ ಬರೋ ಮಣಿ. ಇವತ್ತು ಯಾಕೆ ಕದೀತಾಳೆ?”

“ಅದು ಅವಳನ್ನೇ ಕೇಳು.”

“ಹಜಾರದ ಹಿಂಬಾಗಿಲಿಗೆ ಯಾರು ಬರಬಹುದು?”

“ಒಳ ಅಂಗಳದ ಕಡೆಯಿಂದ ಬರಬೇಕು. ಅಲ್ಲಿಗೆ ಮನೇಲಿ ಉಳ್ಕೊಂಡವರಷ್ಟೇ.”

ಆಂಟಿ ನೆರಿಗೆಯನ್ನು ದೊಡ್ಡದು ಮಾಡುತ್ತಾ ಹೋದಳು, ಚಿತ್ರ ಒಡೆದು ಬರೀ ಕೆಂಪು, ಹಸಿರು, ನೀಲಿ ಚೌಕಗಳಾಗುವವರೆಗೆ.

“ಅಫ್ರಿಯೆ, ಕೆಂಪು ಬಟ್ಟೆಯಾದರೆ ಯಾವ ಚೌಕ ತುಂಬಿರಬೇಕು?”

“ಕೆಂಪಿನವು, ಆಂಟಿ. ನೀಲಿ, ಹಸಿರು ಹೆಚ್ಚು ಕಡಿಮೆ ಖಾಲಿ.”

“ಇಲ್ಲಿ?”

ನೋಡಿದೆ. ಕೆಂಪಿನವು ತುಂಬಿದ್ದವು, ಸರಿ. ಆದರೆ ನೀಲಿಯವೂ ಖಾಲಿ ಇರಲಿಲ್ಲ. ಹಸಿರಿನಲ್ಲೂ ಅಷ್ಟಿಷ್ಟು ಬೆಳಕು. ಮೂರೂ ಬಾಗಿಲಲ್ಲಿ ಯಾರೋ ಹೊಕ್ಕು ಹೋದ ಹಾಗೆ.

ಆಂಟಿ ಬೆದ್ಯಾಕೊ ಕಡೆ ತಿರುಗಿದಳು. “ನಿನ್ನ ಹತ್ತಿರ ಎರಡು ಕ್ಯಾಮೆರಾ, ಅಲ್ವಾ?”

“ಹೌದು. ಅಂಗಳದಲ್ಲಿ ಹೊಸದು, ಹಜಾರದಲ್ಲಿ ಇದು, ಹಳೇದು.”

“ಹಳೇದಕ್ಕೆ ಏನಾಗಿದೆ?”

“ಏನೂ ಆಗಿಲ್ಲ!” ಅವನಿಗೆ ನೋವಾಯಿತು. “ಹಾರ್ಮಟಾನ್ ಗಾಳಿಗೆ ಧೂಳು ಹೊಕ್ಕಿತ್ತು. ಮಾರ್ಕೆಟ್ ಹತ್ತಿರ ಒಬ್ಬ ಬಿಚ್ಚಿ ಒರೆಸಿಕೊಟ್ಟ. ಈಗ ಮೊದಲಿಗಿಂತ ಚೆನ್ನಾಗಿದೆ. ಬೆಳಕು ಜಾಸ್ತಿ ಕುಡಿಯುತ್ತೆ.”

“ಜಾಸ್ತಿ ಹೇಗೆ ಕುಡಿಯುತ್ತೆ? ಏನಾದ್ರೂ ತೆಗೆದು ಹಾಕಿದ್ನಾ?”

“ಒಂದು ನೀಲಿ ಗಾಜು ಮಾಸಿಹೋಗಿತ್ತಂತೆ. ಅದು ಬೇಕಾಗಿಲ್ಲ, ಸುಮ್ನೆ ಬೆಳಕಿಗೆ ಅಡ್ಡ ಅಂತ ತೆಗೆದುಬಿಟ್ಟ. ಒಳ್ಳೇದೇ ಆಯ್ತಲ್ಲ?”

“ಆಮೇಲೆ ಚಿತ್ರ ಸ್ವಲ್ಪ ಮಸುಕು? ಬಣ್ಣ ಕೆಂಪಿಗೆ ಎಳೆಯುತ್ತೆ?”

“ಬಿಳಿ ಬಟ್ಟೆ ತೋರಿಸಿ ಇದು ಬಿಳಿ ಅಂತ ಅದಕ್ಕೆ ಕಲಿಸಿಬಿಡ್ತೀನಿ. ಮುಖ ಎಲ್ಲ ಸರಿಯಾಗಿ ಬರುತ್ತೆ.”

“ಮುಖ ಸರಿಯಾಗಿ ಬಂದರೆ ಸಾಕು ಅಂತ ಬಿಟ್ಟೆ.”

“ಜನ ಮುಖಕ್ಕೇ ಅಲ್ವಾ ಕೊಡೋದು?”

ಆಂಟಿ ಕುರ್ಚಿಗೆ ಒರಗಿದಳು. ಮಾವನ ಕೈಯಲ್ಲಿದ್ದ ಕೊಡೆಯನ್ನು ನೋಡಿದಳು. ಮತ್ತೆ ಪರದೆ ನೋಡಿದಳು.

“ಅಚ್ಚು ಹಾಕ್ತೀಯೋ ಇಲ್ವೋ?” ಮಾವ ಕೇಳಿದ.

“ನನಗೇ ಅರ್ಥವಾಗದ ಚಿತ್ರ ನಾನು ಅಚ್ಚು ಹಾಕಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಬರ್ತೀನಿ. ಬೆದ್ಯಾಕೊ, ಈ ಹಳೇ ಕ್ಯಾಮೆರಾ ತಗೊಂಡು ಬಾ. ಕೊಡೆ ಮರೀಬೇಡಿ ಅಣ್ಣ.”

“ಮರೆಯೋದಾ? ನಾನಾ?”

*

ಭಾನುವಾರ ಎಲ್ಲರೂ ಬಿಳಿ. ಶನಿವಾರದ ಬಟ್ಟೆಗಳನ್ನು ಬೆಳಿಗ್ಗೆಯೇ ಒಗೆದು, ಒಳ ಅಂಗಳದ ಎರಡು ಹಗ್ಗಗಳ ಮೇಲೆ ಹರವಿದ್ದರು. ಒಂದು ಹಗ್ಗದಲ್ಲಿ ಕೆಂಪು, ಇನ್ನೊಂದರಲ್ಲಿ ಕಪ್ಪು. ನೀರು ತೊಟ್ಟಿಕ್ಕುತ್ತಿತ್ತು. ಪೊಕುವಾ ಅಜ್ಜಿ ಬಕೆಟ್ಟಿನ ಪಕ್ಕ ಸೊಂಟ ಹಿಡಿದು ಕೂತಿದ್ದಳು. ಹಿರಿಯರು ಐದಾರು ಜನ, ಮಾವ, ಅಂತ್ವಿ, ಮನೆಯಲ್ಲಿ ಉಳಿದಿದ್ದ ನೆಂಟರು ಎಲ್ಲರೂ ಸೇರಿದ್ದರು. ಕೊನಾಡು ತನ್ನ ಕೋಣೆಯ ಹೊಸ್ತಿಲಲ್ಲಿ. ಅವಳ ಹಿಂದೆ ಕಟ್ಟಿಟ್ಟ ಎರಡು ಗಂಟು.

“ಚರ್ಚಿಗೆ ಹೊತ್ತಾಗುತ್ತೆ. ಬೇಗ ಮುಗಿಸು,” ಎಂದ ಮಾವ.

“ಒಂದೇ ಪ್ರಶ್ನೆ ಅಣ್ಣ. ನಿಮ್ಮ ಕೊಡೆ ಯಾವ ಬಣ್ಣ?”

“ಕಣ್ಣು ಕಾಣಲ್ವಾ? ಕಪ್ಪು.”

“ಎಷ್ಟು ವರ್ಷದಿಂದ?”

“ಹುಟ್ಟಿದಾಗಿಂದ! ಏನು ತಮಾಷೆ ಇದು?”

“ನಿನ್ನೆ ಪ್ರಾರ್ಥನೆಗೆ ಹೋಗುವಾಗ ಎಲ್ಲಿಟ್ಟಿದ್ರಿ?”

“ಹಜಾರದ ಬಾಗಿಲ ಹತ್ತಿರ. ಎಲ್ಲರೂ ನೋಡಿದಾರೆ.”

ಆಂಟಿ ಚೀಲದಿಂದ ಫೋಟೋ ತೆಗೆದು ಅವನ ಕೈಗೆ ಕೊಟ್ಟಳು. ಕೊನೆಗೂ ಅಚ್ಚು ಹಾಕಿದ್ದಳು. “ಬಟ್ಟಲು ಬಿಡಿ. ನೆರಿಗೆ ಬಿಡಿ. ಬಾಗಿಲ ಹತ್ತಿರ ನೋಡಿ.”

ಮಾವ ನೋಡಿದ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ. ಫೋಟೋದ ಕೊಡೆ, ಕೈಯ ಕೊಡೆ. ಕೈಯ ಕೊಡೆ, ಫೋಟೋದ ಕೊಡೆ.

“ಇದು... ಕೆಂಪಗಿದೆ.”

“ನಿನ್ನೆಯಿಂದ ಇದನ್ನ ಎಷ್ಟು ಜನ ನೋಡಿದ್ರು? ನಾನೂ ಮೊದಲು ನೋಡಲಿಲ್ಲ. ಎಲ್ಲರಿಗೂ ನೆರಿಗೆ ಬೇಕಿತ್ತು. ಕೊಡೆ ಯಾರಿಗೆ ಬೇಕು?”

ಪೊಕುವಾ ಅಜ್ಜಿ ಎದೆ ಮುಟ್ಟಿಕೊಂಡಳು. “ಏನಾದ್ರೂ ಮಾಟವಾ?”

“ಮಾಟ ಅಲ್ಲ ಅಜ್ಜಿ. ಅಫ್ರಿಯೆ, ನೀನು ಹೇಳು. ನಾನು ಹೇಳಿದ್ರೆ ಪಾಠ ಆಗುತ್ತೆ.”

ನನಗೆ ನಮ್ಮಜ್ಜಿ ಕಥೆ ಹೇಳುತ್ತಿದ್ದ ಧಾಟಿಯೊಂದೇ ಗೊತ್ತಿರುವುದು. ಹಾಗೇ ಶುರುಮಾಡಿದೆ.

“ಒಂದು ವಠಾರ ಇತ್ತಂತೆ ಅಜ್ಜಿ. ಕ್ಯಾಮೆರಾ ಒಳಗೆ, ಉಗುರಿಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಲಕ್ಷಾಂತರ ಕೋಣೆ. ಪ್ರತಿ ಕೋಣೆಗೂ ಒಂದೇ ಕಿಟಕಿ, ಕಿಟಕಿಗೆ ಬಣ್ಣದ ಗಾಜು. ನಾಲ್ಕು ಕೋಣೆ ತಗೊಂಡ್ರೆ ಎರಡಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ.”

“ಹಸಿರಿಗ್ಯಾಕೆ ಎರಡು?”

“ನಮ್ಮ ಕಣ್ಣಿಗೂ ಹಸಿರಿನ ಕಡೆಯ ಬೆಳಕೇ ಹೆಚ್ಚು ಚೆನ್ನಾಗಿ ಕಾಣೋದು, ಅದಕ್ಕೆ. ಒಳಗೆ ಕೂತವರಿಗೆ ಮಾತ್ರ ಬಣ್ಣ ಅಂದ್ರೇನು ಅಂತಲೇ ಗೊತ್ತಿಲ್ಲ. ತಮ್ಮ ಕಿಟಕಿಯಿಂದ ಎಷ್ಟು ಬೆಳಕು ಬಂತು ಅಂತ ಎಣಿಸೋದೊಂದೇ ಕೆಲಸ.”

“ಬಣ್ಣ ಗೊತ್ತಿಲ್ಲದವರು ಬಣ್ಣ ಹೇಗೆ ಹೇಳ್ತಾರೆ?” ಒಬ್ಬ ಹಿರಿಯ ಕೇಳಿದ.

“ಗೋಡೆ ಮೇಲಿಂದ ಪಕ್ಕದ ಕೋಣೆಯವರನ್ನ ಕೇಳ್ತಾರೆ. ನಿನಗೆಷ್ಟು ಬಂತು, ನಿನಗೆಷ್ಟು ಬಂತು ಅಂತ. ಕೆಂಪು ಕಿಟಕಿಯವನಿಗೆ ಕೆಂಪು ಮಾತ್ರ ಗೊತ್ತು. ಹಸಿರು, ನೀಲಿ ಎರಡನ್ನೂ ಅಕ್ಕಪಕ್ಕದವರ ಮಾತಿನ ಮೇಲೆ ಅಂದಾಜು ಮಾಡ್ತಾನೆ.”

“ಅಂದ್ರೆ ಫೋಟೋದಲ್ಲಿ ಕಾಣೋ ಬಣ್ಣ ಅಂದಾಜಾ?”

“ಮೂರರಲ್ಲಿ ಎರಡು ಪಾಲು. ಒಳ್ಳೇ ಅಂದಾಜೇ, ಹೆಚ್ಚಾಗಿ ತಪ್ಪಲ್ಲ.”

ಹೊಸ್ತಿಲಿನಿಂದ ಕೊನಾಡುವಿನ ದನಿ ಬಂತು. “ಅದನ್ನ ನಂಬಿ ನನ್ನ ಕುರ್ಚಿ ಎತ್ತಿದ್ರಿ.”

ಯಾರೂ ಅವಳ ಕಡೆ ನೋಡಲಿಲ್ಲ.

“ಆ ವಠಾರಕ್ಕೆ ಒಬ್ಬ ಕಾವಲಿನವನಿದ್ದ,” ನಾನು ಮುಂದುವರಿಸಿದೆ. “ಹೆಬ್ಬಾಗಿಲಲ್ಲಿ, ನೀಲಿ ಅಂಗಿ. ಕೆಂಪಿನ ಆಚೆಗೆ ಇನ್ನೊಂದು ಬೆಳಕಿದೆ ಅಜ್ಜಿ, ನಮ್ಮ ಕಣ್ಣಿಗೆ ಕಾಣಲ್ಲ. ಬಿಸಿಲಲ್ಲಿದೆ, ಹಜಾರದ ಆ ಬಿಸಿ ದೀಪಗಳಲ್ಲಿದೆ. ಅದಕ್ಕೆ ಕಿಟಕಿ ಗಾಜು ಲೆಕ್ಕವೇ ಅಲ್ಲ. ಕೆಂಪು ಕೋಣೆಗೆ ಹೆಚ್ಚು ನುಗ್ಗುತ್ತೆ, ನೀಲಿ ಹಸಿರಿಗೂ ನುಗ್ಗುತ್ತೆ. ಅದನ್ನ ಹೊರಗೇ ತಡೆಯೋದು ಕಾವಲಿನವನ ಕೆಲಸ.”

“ಆ ಕಾವಲಿನವನೇ ನೀಲಿ ಗಾಜು,” ಎಂದಳು ಆಂಟಿ. “ಬೆದ್ಯಾಕೊ ಅವನನ್ನ ಮನೆಗೆ ಕಳಿಸಿದ.”

“ನಾನಲ್ಲ, ರಿಪೇರಿಯವನು!” ಬೆದ್ಯಾಕೊ ಅಂದ.

“ಕೆಲವು ಕಪ್ಪು ಬಟ್ಟೆ ನಮ್ಮ ಕಣ್ಣಿಗೆ ಕಾಣೋ ಬೆಳಕನ್ನೆಲ್ಲ ನುಂಗುತ್ತೆ,” ಆಂಟಿ ಮಾವನ ಕಡೆ ತಿರುಗಿದಳು. “ ಆದರೆ ಆ ಕಾಣದ ಬೆಳಕನ್ನ ಕನ್ನಡಿ ಹಾಗೆ ವಾಪಸ್ ಎಸೆಯುತ್ತೆ. ನಿಮಗದು ಕಪ್ಪು. ಕಾವಲಿಲ್ಲದ ಕ್ಯಾಮೆರಾಕ್ಕೆ ಅದು ದ್ರಾಕ್ಷಾರಸದ ಕೆಂಪು. ನಿಮ್ಮ ಕೊಡೆಯ ಬಟ್ಟೆ ಅಂಥದ್ದು ಅಣ್ಣ.”

“ಹಾಗಾದ್ರೆ ಆ ನೆರಿಗೆ...”

“ನೋಡೋಣ. ಬೆದ್ಯಾಕೊ, ಮೊದಲು ಕೊನಾಡು ಬಟ್ಟೆ ತೆಗಿ.”

ಅವನು ಕೆಂಪು ಹಗ್ಗದ ಎದುರು ನಿಂತು ಕ್ಲಿಕ್ಕಿಸಿದ. ಪರದೆಯ ಮೇಲೆ ಕೊನಾಡುವಿನ ಬಟ್ಟೆ ತಾಳೆಎಣ್ಣೆಯ ಹಾಗೆ ಹೊಳೆಯುವ ಕೆಂಪಾಗಿ ಬಂತು. ಫೋಟೋದ ನೆರಿಗೆ ಅದರ ಮುಂದೆ ಕೊಳೆತ ಹಣ್ಣಿನ ಬಣ್ಣ. ಎರಡೂ ಒಂದೇ ಬಟ್ಟೆ ಎಂದು ಯಾರೂ ಹೇಳುವಂತಿರಲಿಲ್ಲ.

“ಈಗ ಕಪ್ಪು ಹಗ್ಗ.”

ಒಂಬತ್ತು ಬಟ್ಟೆ. ನಮ್ಮ ಕಣ್ಣಿಗೆ ಒಂಬತ್ತೂ ಕಪ್ಪು. ಬೆದ್ಯಾಕೊ ಹಗ್ಗದ ಈ ತುದಿಯಿಂದ ಆ ತುದಿಗೆ ಒಂದೊಂದೇ ಕ್ಲಿಕ್ಕಿಸುತ್ತಾ ಹೋದ. ಕಪ್ಪು. ಕಪ್ಪು. ಕಂದುಗಪ್ಪು. ಕಪ್ಪು. ಕಪ್ಪು. ಆರನೆಯದಕ್ಕೆ ಅವನ ಬೆರಳು ನಿಂತಿತು. ಪರದೆಯನ್ನು ನಮ್ಮ ಕಡೆ ತಿರುಗಿಸಿದ.

ದ್ರಾಕ್ಷಾರಸದ ಕೆಂಪು. ನೆರಿಗೆಯ ಕೆಂಪು. ಕೊಡೆಯ ಕೆಂಪು.

ಮಿಕ್ಕ ಮೂರೂ ಕಪ್ಪಾಗಿಯೇ ಬಂದವು.

“ಅಜ್ಜಿ,” ಆಂಟಿ ಮೆಲ್ಲಗೆ ಕೇಳಿದಳು, “ಎಲ್ಲ ಬಟ್ಟೆಯೂ ಇನ್ನೂ ತೊಟ್ಟಿಕ್ಕುತ್ತಿದೆ. ಇದೊಂದು ಆಗಲೇ ಒಣಗಿದೆಯಲ್ಲ?”

“ಅದು ನೀರೇ ಕುಡಿಯಲ್ಲ ಕಣಮ್ಮ. ಟಾರ್ಪಾಲು. ಅದು—” ಅಜ್ಜಿ ಬಾಯಿ ಮುಚ್ಚಿಕೊಂಡಳು.

ಹೇಳಬೇಕಾಗಿರಲಿಲ್ಲ. ಎಲ್ಲರ ಕಣ್ಣೂ ಒಂದೇ ಕಡೆ ಹೋಯಿತು.

“ಅಂತ್ವಿ,” ಎಂದಳು ಆಂಟಿ. “ಪ್ರಾರ್ಥನೆ ಹೊತ್ತಲ್ಲಿ ನೀನು ಹಿಂಬಾಗಿಲಿಂದ ಹಜಾರಕ್ಕೆ ಹೋದೆ. ಬಾಗಿಲಲ್ಲಿ ಬೆದ್ಯಾಕೊ ಬಂದ ಸದ್ದಿಗೆ ಪರದೆ ಹಿಂದೆ ಸರಿದೆ. ಬಟ್ಟೆಯ ನೆರಿಗೆ ಆಚೆ ಉಳೀತು. ಮಣಿ ಎಲ್ಲಿ?”

ಬಿಳಿ ಅಂಗಿಯಲ್ಲೂ ಅಂತ್ವಿ ಬೆವರಿದ್ದ.

“ನನ್ನ ಮಗ ಕಳ್ಳನಾ?” ಮಾವನ ಕೊಡೆ ಮೇಲೆದ್ದಿತು. “ಹೇಳೋ! ಇಲ್ಲ ಅನ್ನೋ!”

“ಇಲ್ಲ ಅನ್ನಲ್ಲ ಅಪ್ಪ,” ಅಂತ್ವಿ ಹೇಳಿದ. “ನನಗೆ ನಾಲ್ಕು ವರ್ಷ ಇದ್ದಾಗ ಜ್ವರ ಬಂದಿತ್ತಲ್ಲ, ಆಗ ಅತ್ತೆ ಅದರಲ್ಲೊಂದು ಮಣಿ ಬಿಚ್ಚಿ ನನ್ನ ಕೈಗೆ ಕಟ್ಟಿದ್ರು. ಜ್ವರ ಬಿಟ್ಟ ಮೇಲೂ ಒಂದು ತಿಂಗಳು ಬಿಚ್ಚಿರಲಿಲ್ಲ. ನನ್ನ ಮಗಳು ಹುಟ್ಟಿದಾಗ ನಿಮ್ಮನ್ನ ಕೇಳಿದೆ, ಒಂದೇ ಒಂದು ದಿನ ಅವಳ ಕೊರಳಿಗೆ ಹಾಕ್ಲಾ ಅಂತ. ನೀವೇನಂದ್ರಿ?”

ಮಾವ ಕೊಡೆ ಕೆಳಗಿಳಿಸಿದ.

“‘ನಿನ್ನ ಮಗಳಿಗೂ ಈ ಮನೆಗೂ ಏನು?’ ಅಂದ್ರಿ. ನಿನ್ನೆ ಬಟ್ಟಲಲ್ಲಿ ಅದು ಒಂಟಿಯಾಗಿ ಕೂತಿತ್ತು. ಎತ್ಕೊಂಡೆ.”

“ಎತ್ಕೊಂಡೆ, ಸರಿ,” ಕೊನಾಡು ಹೊಸ್ತಿಲು ದಾಟಿ ಬಂದಳು. “ನನ್ನ ಕುರ್ಚಿ ಎತ್ತಿಸಿದಾಗ ನೀನು ಎರಡನೇ ಸಾಲಲ್ಲಿ ಕೂತು ನೋಡ್ತಿದ್ದೆ. ಅದಕ್ಕೇನು ಹೇಳ್ತೀಯ?”

ಅಂತ್ವಿ ತಿರುಗಿ ನಡೆದ. ಒಳಗೆ ಹೋಗಿ, ತನ್ನ ಚೀಲದಿಂದ ಕರವಸ್ತ್ರದ ಗಂಟು ತಂದು ಅವಳ ಮುಂದೆ ಹಿಡಿದ. ತಲೆ ಎತ್ತಲಿಲ್ಲ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟ. ಎಲ್ಲಿಗೆ ಅಂತ ಯಾರಿಗೂ ತಿಳಿಯಲಿಲ್ಲ. ಶಾಮಿಯಾನದ ಆಚೆ ಇನ್ನೂ ಬಿದ್ದಿದ್ದ ಆ ಪ್ಲಾಸ್ಟಿಕ್ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಅಂಗಳದ ನಡುವೆ ಇಟ್ಟ. ತನ್ನ ಬಿಳಿ ಬಟ್ಟೆಯ ತುದಿಯಿಂದಲೇ ಧೂಳು ಒರೆಸಿದ.

“ಕೂತ್ಕೋ ತಾಯಿ. ಇವನನ್ನ ಏನು ಮಾಡಬೇಕು, ಈ ಮನೆಯ ಹಿರಿಯಳು ಹೇಳಲಿ.”

ಕೊನಾಡು ಕೂತಳು. ಗಂಟು ಬಿಚ್ಚಿದಳು. ಹಳದಿ ಮಣಿಗಳು ಬಿಸಿಲಿಗೆ ಬೆಚ್ಚಗೆ ಹೊಳೆದವು.

“ನಿನ್ನೆ ನನ್ನ ಕುರ್ಚಿ ನೋಡಿದ ಇನ್ನೂರು ಜನ ಇವತ್ತೂ ಬರ್ತಾರೆ,” ಅಂದಳು. “ಅಂತ್ವಿ, ಅವರ ಮುಂದೆ ನೀನೇ ಎದ್ದು ನಿಂತು ಹೇಳಬೇಕು.”

“ಹೇಳ್ತೀನಿ ಅಕ್ಕ.”

“ಮಣಿ ಈ ಮನೆಯ ಹೊಸ್ತಿಲು ದಾಟಲ್ಲ. ನಿನ್ನ ಮಗಳು ದಾಟಬಹುದು. ರಜೆಗೆ ಕರ್ಕೊಂಡು ಬಾ. ಇಲ್ಲಿದ್ದಷ್ಟು ದಿನ ಹಾಕ್ಕೊಂಡಿರಲಿ.”

ಅಂತ್ವಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಚರ್ಚಿನಿಂದ ಬಂದ ಮೇಲೆ ಮನೆತನದ ಫೋಟೋ. ಬೆದ್ಯಾಕೊ ಹೊಸ ಕ್ಯಾಮೆರಾ ತೆಗೆದ.

“ಅದು ಬೇಡ. ಹಳೇದರಲ್ಲಿ ತೆಗಿ,” ಎಂದಳು ಕೊನಾಡು. “ಮಾವ, ಕೊಡೆ ಬಿಚ್ಚಿ ಹಿಡ್ಕೊಳ್ಳಿ.”

ಆ ಫೋಟೋ ಈಗ ಹಜಾರದಲ್ಲಿದೆ. ನಾನೇ ಅಚ್ಚು ಹಾಕಿದ್ದು, ಒಂದು ಚುಕ್ಕೆಯ ಬಣ್ಣವನ್ನೂ ತಿದ್ದಲಿಲ್ಲ. ಎಲ್ಲರೂ ಬಿಳಿ, ಹಿಂದೆ ಬೇವಿನ ಮಸುಕು ಎಲೆ, ನಡುವೆ ಹಳದಿ ಮಣಿಯ ಕೊನಾಡು. ಅವಳ ತಲೆಯ ಮೇಲೆ ಕೆಂಗಂದು ಕೊಡೆ. ಬಂದವರು ಕೇಳುತ್ತಾರೆ: “ಮಾವ, ನಿಮ್ಮ ಹತ್ತಿರ ಕೆಂಪು ಕೊಡೆ ಬೇರೆ ಇದೆಯಾ?”

ಪ್ರತಿ ಸಲವೂ ಅವನೇ ಮೊದಲಿನಿಂದ ಹೇಳಬೇಕು. ಕುರ್ಚಿ ಎತ್ತಿಸಿದ್ದನ್ನೂ ಬಿಡುವ ಹಾಗಿಲ್ಲ. ಕೊನಾಡು ಪಕ್ಕದ ಕೋಣೆಯಿಂದಲೇ ಕೇಳಿಸಿಕೊಳ್ಳುತ್ತಿರುತ್ತಾಳೆ.